ಬೆರಕೆ ಸೊಪ್ಪು

“ನಂಗೆ ಟ್ರಂಕಿನ ಬೀಗದಕೈ ಬೇಕು,” ಎಂದಳು ಸುಷ್ಮಾ.

ಗದ್ದೆಯ ಬದುವಿನ ಮೇಲೆ ಎಲೆ ಹಾಕಿ ಬಡಿಸುತ್ತಿದ್ದ ಅತ್ತೆ ಕೆರಿಯಮ್ಮನ ಕೈ ಅಲ್ಲೇ ನಿಂತಿತು. ಬಯಕೆ ಏನೆಂದು ಸೊಸೆಯನ್ನು ಕೇಳಿದ್ದು ಅವಳೇ. ಭೂಮಿ ಹುಣ್ಣಿಮೆಯ ದಿನ ತೆನೆಯೊಡೆಯಲು ಹೊಡೆ ತುಂಬಿ ನಿಂತ ಗದ್ದೆ ಎಂದರೆ ಬಸುರಿ ಹೆಂಗಸು. ಕೆಮ್ಮಣ್ಣು ಬಳಿದು ಬಿಳಿ ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತು ತಂದು ಆ ಭೂತಾಯಿಗೆ ಬಯಕೆಯ ಊಟ ಬಡಿಸಿಯಾಗಿತ್ತು. ಮನೆಯಲ್ಲೂ ಒಬ್ಬಳು ಬಸುರಿ ಸೊಸೆ ಇದ್ದಾಳಲ್ಲ ಎಂದು ಪ್ರೀತಿಯಿಂದ, “ನಿನ್ನ ಬಯಕೆ ಎಂಥದೇ ಹುಡುಗಿ? ಇವತ್ತು ಕೇಳಿದ್ದು ಇಲ್ಲ ಅನ್ನಂಗಿಲ್ಲ,” ಎಂದಿದ್ದಳು. ಹೋಳಿಗೆಯನ್ನೋ ಮಿಡಿ ಉಪ್ಪಿನಕಾಯಿಯನ್ನೋ ಕೇಳುತ್ತಾಳೆ ಎಂದುಕೊಂಡಿದ್ದಳು, ಪಾಪ.

“ಯಾವ ಟ್ರಂಕೇ?”

“ನಿಮ್ಮ ಮಗನ್ನೇ ಕೇಳಿ ಅತ್ತೆ.”

ಮಗ ನಿರಂಜನ ಹೊಸನಗರದಲ್ಲಿ ಮೇಷ್ಟ್ರು. ಮೊಬೈಲಿನಲ್ಲಿ ಗರ್ಭಸಂಸ್ಕಾರದ ಕ್ಲಾಸಿಗೆ ಸೇರಿದ್ದ. ಬಸುರಿಯಾದವಳು ಸೇರದೆ ಇವನು ಸೇರಿದ್ದ, ಅದೇ ಒಂದು ತಮಾಷೆ. ಬಸುರಿ ಓದಿದ್ದೆಲ್ಲ ಕೂಸಿನ ತಲೆಗೆ ಹೋಗುತ್ತದೆ ಎಂದು ಅಲ್ಲಿ ಯಾರೋ ಹೇಳಿದ್ದೇ ತಡ, ಸುಷ್ಮಾ ಸಾಗರದ ಹಳೇ ಪುಸ್ತಕದಂಗಡಿಯಿಂದ ಚೀಲಗಟ್ಟಲೆ ಹೊತ್ತು ತಂದಿದ್ದ ಕಾದಂಬರಿಗಳನ್ನೆಲ್ಲ ಟ್ರಂಕಿಗೆ ತುಂಬಿ ಬೀಗ ಜಡಿದ. ಕೊಲೆಯದು, ಮಾಟಗಾರರ ರಾಜ್ಯದ್ದು, ಪ್ರೇಮದ್ದು, ಯಾವುದನ್ನೂ ಬಿಡಲಿಲ್ಲ. ಒಂದನ್ನಂತೂ ಅವಳ ಕೈಯಿಂದಲೇ ಕಿತ್ತುಕೊಂಡಿದ್ದ. ಎಸ್ಟೇಟ್ ಸಾಹುಕಾರನಿಗೆ ವಿಷ ಹಾಕಿದವರು ಯಾರು ಎಂದು ತಿಳಿಯಲು ಕೊನೆಯ ಅಧ್ಯಾಯ ಬಾಕಿ ಇತ್ತು! ಹೊರಗೆ ಉಳಿಸಿದ್ದು ಒಂದೇ ಒಂದು: ಮುದುಕನೊಬ್ಬ ದೋಣಿಗಾಗಿ ಕಾಯುತ್ತ ತನ್ನ ಬಾಳನ್ನೆಲ್ಲ ನೆನೆಯುವ ದಪ್ಪನೆಯ ಕಾದಂಬರಿ. “ಇದು ಸಾಹಿತ್ಯ. ಇದನ್ನ ಓದು,” ಎಂದಿದ್ದ. ಅದನ್ನು ಅವಳು ಮದುವೆಗೆ ಮುಂಚೆಯೇ ಓದಿ ಅತ್ತಿದ್ದಳು. ಅವನಿಗೆ ಗೊತ್ತಿರಲಿಲ್ಲ. ಕೇಳಿದ್ದರಲ್ಲವೇ ಗೊತ್ತಾಗುವುದು.

“ಬಯಕೆ ಅಂದ್ರೆ ತಿನ್ನೋದನ್ನ ಕೇಳ್ಬೇಕು ಸುಷ್ಮಾ,” ಎಂದು ನಿರಂಜನ ಈಗ ನಕ್ಕ.

“ನಂಗೆ ಹಸಿವಾಗಿರೋದು ಅದಕ್ಕೇ.”

“ಕೊಲೆ, ಮಾಟ, ಲವ್ವು... ಹೊಟ್ಟೇಲಿರೋ ಕೂಸಿಗೆ ಇದೆಲ್ಲ ಬೇಕಾ? ಒಳ್ಳೇದಕ್ಕೇ ಹೇಳ್ತಿರೋದು. ಹೆರಿಗೆ ಆಗ್ಲಿ, ಆಮೇಲೆ ನೋಡನ.”

ಆಮೇಲೆ ನೋಡನ! ಹೆರಿಗೆಯಾದ ಮೇಲೆ ಮೊಲೆ ಬಿಡಿಸುವವರೆಗೆ ಬೇಡ ಎನ್ನುತ್ತಾನೆ, ಅದಾದ ಮೇಲೆ ಕೂಸು ಶಾಲೆಗೆ ಸೇರುವವರೆಗೆ. ಇವತ್ತು ಸುಮ್ಮನಿದ್ದರೆ ಆ ಬೀಗಕ್ಕೆ ತುಕ್ಕೇ ಗತಿ. ಸುಷ್ಮಾ ಎಲೆಯನ್ನು ಮುಂದಕ್ಕೆ ತಳ್ಳಿ ಕೈಕಟ್ಟಿ ಕೂತಳು.

ಆ ಮನೆಯಲ್ಲಿ ಈ ದಿನ ಬಸುರಿ ತುತ್ತೆತ್ತದೆ ಮಿಕ್ಕವರು ಉಣ್ಣುವಂತಿಲ್ಲ. ಸೂರ್ಯ ಹುಟ್ಟುವ ಮೊದಲೇ ದೊಂದಿ ಹಿಡಿದು ಗದ್ದೆಗೆ ಬಂದಿದ್ದ ಮಾವ ಗುತ್ಯಪ್ಪ, ಕೈತೊಳೆದು ಕೂತು ಕಡುಬನ್ನೇ ನೋಡುತ್ತಿದ್ದ.

“ಅತ್ತೆ,” ಸುಷ್ಮಾ ಎಲೆಯಲ್ಲಿದ್ದ ಬೆರಕೆ ಸೊಪ್ಪಿನ ಪಲ್ಯ ತೋರಿಸಿದಳು, “ಇದಕ್ಕೆ ಎಂತೆಂಥ ಸೊಪ್ಪು ಹಾಕೀರಿ?”

ಕೆರಿಯಮ್ಮನಿಗೆ ಹೆಮ್ಮೆ. ಹಿಂದಿನ ದಿನವೆಲ್ಲ ಬೇಲಿ, ಗುಡ್ಡ ಸುತ್ತಿ ಕುಯ್ದು ತಂದದ್ದು. ನೂರೊಂದು ಬಗೆ ಎಂದು ಹೆಸರು, ಎಣಿಸಿದವರು ಯಾರೂ ಇಲ್ಲ. “ಕೆಸು, ಹಾಗಲ, ಒಂದೆಲಗ, ಹುಳಿಸೊಪ್ಪು... ಕೈಗೆ ಸಿಕ್ಕಿದ್ದೆಲ್ಲ ಐತೆ.”

“ಕೆಸು ಗಂಟಲು ತುರಿಸಲ್ವಾ? ಹಾಗಲ ಕಹಿಯಲ್ವಾ? ಬಸುರಿ ಭೂತಾಯಿಗೆ ಅದನ್ನೆಲ್ಲ ಹಾಕ್ಬೋದಾ?”

“ಅಯ್ಯೋ, ಆರಿಸ್ಬಾರ್ದು ಕಣೆ. ಎಲ್ಲ ತರದ್ದೂ ಅವಳ ಬಾಯಿಗೆ ಬೀಳ್ಬೇಕು. ಆಗ್ಲೇ ಕಾಳು ಗಟ್ಟಿಯಾಗೋದು.”

“ಕೇಳಿದ್ರಾ?” ಸುಷ್ಮಾ ಗಂಡನ ಕಡೆ ತಿರುಗಿದಳು. “ಗದ್ದೆಗೆ ನೂರೊಂದು. ನಂಗೆ ಮಾತ್ರ ಒಂದಾ?”

ನಿರಂಜನನಿಗೆ ಕ್ಲಾಸಿನಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. “ಅದೇ ಬೇರೆ, ಇದೇ ಬೇರೆ,” ಎಂದು ಗೊಣಗಿದ. “ಬೀಗದಕೈ ಮನೇಲಿದೆ.”

“ಹೋಗಿ ತನ್ನಿ. ಕಾಯ್ತೀನಿ.”

“ಎಲ್ರೆದುರು ಎಂಥ ಹಟ ಇದು?”

“ಹಟಾನೇ. ಹೋಗಿ ತನ್ನಿ.”

“ಹೋಗೋ ಮಾರಾಯ!” ಗುತ್ಯಪ್ಪ ಗದರಿದ. “ಕಡುಬು ತಣ್ಣಗಾಗ್ತೈತೆ. ಮೇಷ್ಟ್ರಾದ್ರೆ ಹೊಟ್ಟೆ ಇರಲ್ವಾ ನಿಂಗೆ?”

ನಿರಂಜನ ಪಂಚೆ ಎತ್ತಿ ಕಟ್ಟಿ ಬದುವಿನ ಮೇಲೆ ದಾಪುಗಾಲು ಹಾಕಿದ. ತಂದು ಕೊಟ್ಟಾಗ ಅವಳ ಮುಖ ನೋಡಲಿಲ್ಲ. ಬೀಗದಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡ ಮೇಲೆಯೇ ಸುಷ್ಮಾ ತುತ್ತೆತ್ತಿದ್ದು. ಸೊಪ್ಪಿನ ಪಲ್ಯ ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡಳು.

ಮನೆಗೆ ಬಂದವಳೇ ಚಿತ್ತಾರದ ಬುಟ್ಟಿಯನ್ನು ಒರೆಸಿ ಟ್ರಂಕಿನ ಪಕ್ಕ ಇಟ್ಟುಕೊಂಡಳು. ವಿಷದ ಕಾದಂಬರಿ ಮೊದಲು ಬಿತ್ತು. ಅದರ ಮೇಲೆ ಮಾಟಗಾರರು, ಪ್ರೇಮಿಗಳು, ಕಾಣೆಯಾದ ರಾಜಕುಮಾರಿ, ಎಲ್ಲರೂ ಅಡ್ಡಾದಿಡ್ಡಿ ಬಿದ್ದರು. ಬುಟ್ಟಿ ಎತ್ತಲು ಬಗ್ಗಿದಾಗ ಕೆರಿಯಮ್ಮ, “ಭಾರ ಎತ್ಬಾರ್ದೇ,” ಎಂದು ಓಡಿ ಬಂದು ಇನ್ನೊಂದು ಕಡೆ ಹಿಡಿದಳು. ಇಬ್ಬರೂ ಜಗಲಿಗೆ ಬಂದರು.

ಜಗಲಿಯ ಗೂಡಿನಲ್ಲಿ ನಿರಂಜನ ಉಳಿಸಿದ್ದ ದಪ್ಪನೆಯ ಕಾದಂಬರಿ ಒಂಟಿಯಾಗಿತ್ತು. ಸುಷ್ಮಾ ಅದನ್ನೂ ತೆಗೆದು ಬುಟ್ಟಿಗೆ ಹಾಕಿದಳು.

ಕುರ್ಚಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ ನಿರಂಜನನಿಗೆ ತಡೆಯಲಾಗಲಿಲ್ಲ. “ಅದ್ಯಾಕೆ? ನಾ ಆರಿಸಿ ಕೊಟ್ಟಿದ್ದು ನಿಂಗೆ ಬೇಡ ಅಲ್ವಾ?”

“ಇದೆಂಥ ತಪ್ಪು ಮಾಡೈತೆ ಪಾಪ?” ಎಂದಳು ಸುಷ್ಮಾ. “ನೀವು ಆರಿಸಿದ್ರಿ ಅನ್ನೋದೊಂದು ಬಿಟ್ರೆ, ಒಳ್ಳೇ ಪುಸ್ತಕ.”