ಕನ್ನಡಕ ತೆಗೆದ ಗಳಿಗೆ

ತಾಮ್ರದ ತೆಳು ಹಾಳೆಗೆ ಲೇಸರಿನಿಂದ ಹೊಡೆದು, ಅಂಥ ಬಿಸಿಯನ್ನೂ ಒತ್ತಡವನ್ನೂ ಲೋಹ ಎಲ್ಲಿಯವರೆಗೆ ತಾಳಿಕೊಳ್ಳುತ್ತದೆಂದು ನೋಡುವುದು ಸಂಹಿತಾಳ ಸಂಶೋಧನೆ. ನಿನ್ನೆ ಹಾಳೆಯನ್ನು ಗುರಿಗೆ ನೇರವಾಗಿ ಕೂರಿಸುವಾಗ ರಕ್ಷಣೆಯ ಕನ್ನಡಕ ಅಡ್ಡಿಯೆನಿಸಿ, ಒಂದೇ ಗಳಿಗೆ ಎಂದು ತೆಗೆದಳು. ಕಣ್ಣಿಗೆ ಕಾಣದ ಆ ಬೆಳಕು ಹಾಳೆಯಿಂದ ಚಿಮ್ಮಿ ಬಲಗಣ್ಣಿಗೆ ಬಡಿಯಿತು.

ಸುದ್ದಿ ಹೊರಬಿದ್ದರೆ ಲ್ಯಾಬಿಗೆ ಬೀಗ. ಇಷ್ಟು ವರ್ಷದ ಪಿಎಚ್‌ಡಿ ನೀರಿನಲ್ಲಿ ಮಾಡಿದ ಹೋಮ. ಆದರೂ ಗಟ್ಟಿ ಮನಸ್ಸು ಮಾಡಿ ಗೈಡ್ ಮೇಡಂ ಕೋಣೆಗೆ ಹೋದಳು. ಕನ್ನಡಕವಿಲ್ಲದೆ ಬಂದವರನ್ನು ಬಾಗಿಲಲ್ಲೇ ಬೈದು ಅಟ್ಟುವ ಹೆಂಗಸು ಅವರು.

"ಏನೇ, ಮುಖ ಯಾಕೆ ಹಾಗಿದೆ? ಹಾಳೆ ಹರಿದೋಯ್ತಾ?"

"ಇಲ್ಲ ಮೇಡಂ, ಕಣ್ಣು. ಕನ್ನಡಕ ತೆಗೆದಿದ್ದೆ. ಎಡಗಣ್ಣು ಮುಚ್ಚಿದ್ರೆ ನಿಮ್ಮ ಮುಖಾನೇ ಕಾಣಲ್ಲ, ನಡುವೆ ಬರೀ ಕಪ್ಪು."

ಮೇಡಂ ಬೈಯಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಅಮ್ಮನಿಗೆ ಹೇಳಿದ್ಯಾ?"

"ಇನ್ನೂ ಇಲ್ಲ. ಡಾಕ್ಟರ ಹತ್ರ ನಿಜ ಹೇಳ್ಬಿಡ್ತೀನಿ ಮೇಡಂ. ಪಿಎಚ್‌ಡಿ ಹೋದ್ರೆ ಹೋಗ್ಲಿ, ನನ್ನ ಹಿಂದೆ ಬರೋರಿಗೆ ಹೀಗಾಗಬಾರದು."

ಮೇಡಂ ಅವಳ ತಲೆ ಸವರಿದರು.

"ಹುಚ್ಚಿ! ಮೊನ್ನೆ ಗ್ರಹಣದ ಸೂರ್ಯನ್ನ ಬರಿಗಣ್ಣಲ್ಲಿ ನೋಡಿದೆ ಅನ್ನು. ನಮ್ಮ ಕಣ್ಣಿಗೆ ಹೀಗಾದಾಗ ನಾವೆಲ್ಲ ಡಾಕ್ಟರಿಗೆ ಹಾಗೇ ಹೇಳಿದ್ದು."