ಪೂಜೆಯಾದ ಕ್ಯಾಮೆರಾ

"ಇದೂ ಒಂದು ಕ್ಯಾಮೆರಾನಾ? ಎಲ್ಲಾ ಫೋಟೋನೂ ಮಂಜು ಮುಚ್ಚಿದಂಗೆ ಬತ್ತವೆ!" ಮರಿಮಲ್ಲಪ್ಪ ತನ್ನ ಹಳೆಯ ಚಿಕ್ಕ ಕ್ಯಾಮೆರಾವನ್ನು ಗುಂಡ್ಲುಪೇಟೆಯ ಅಂಗಡಿಯ ಮೇಜಿನ ಮೇಲೆ ಕುಕ್ಕಿದ. ಅಲ್ಲಿ ಆಗಲೇ ಎರಡು ಹೊಸವು ಕೂತಿದ್ದವು: ಕಲಿಯುವವರಿಗೆ ಸಾಕೆನ್ನುವ ಚಿಕ್ಕದು, ಅದರ ಎರಡರಷ್ಟು ಬೆಲೆಯ ದೊಡ್ಡದು. "ಚಿಕ್ಕುದ್ರ ಯೋಗ್ತೆ ಇದರಲ್ಲೇ ಕಂಡಾಯ್ತು. ಭಾನುವಾರ ಭಾನುವಾರ ಕೆರೆ ಸುತ್ತಿದ್ದೇ ಬಂತು, ದಸರಾ ಆದ್ಮೇಲೆ ಒಂದು ಹಕ್ಕೀನೂ ನೆಟ್ಟಗೆ ಬಂದಿಲ್ಲ."

ಅಂಗಡಿಯ ಅಜ್ಮತ್ ಉಲ್ಲಾ ಹಳೆಯದನ್ನು ಬೆಳಕಿಗೆ ಹಿಡಿದರು. "ಆಯುಧಪೂಜೆ ಜೋರಾಗೇ ಮಾಡಿದೀರಾ ಸಾರ್." ಲೆನ್ಸಿನ ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ ಇನ್ನೂ ತೆಳ್ಳಗೆ ಅಂಟಿಕೊಂಡಿತ್ತು.

ಮರಿಮಲ್ಲಪ್ಪ ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿದ. "ಗಾಜಿನ ಮ್ಯಾಲೆ ಯಾಕಮ್ಮಿ ಬಳ್ದೆ?"

"ನಾನೆಲ್ಲಿ ಬಳ್ದೆ? ಗಾಜಿಗೆ ಬ್ಯಾಡ ಕಣ್ರೀ ಅಂದೆ. ಕ್ಯಾಮೆರಾಕ್ಕೆ ಅದೇ ಹಣೆ ಅಂತ ನನ್ನೇ ಬೈದ್ಬುಟ್ಟು ನೀವೇ ಎಳುದ್ರಿ," ಎಂದು ಚಂದ್ರಮತಿ ನಕ್ಕುಬಿಟ್ಟಳು.

ಅಜ್ಮತ್ ಉಲ್ಲಾ ಗಾಜನ್ನು ಒರೆಸಿ, ಆ ಹಳೆಯ ಕ್ಯಾಮೆರಾದಲ್ಲೇ ಆ ನಗುವನ್ನು ಕ್ಲಿಕ್ಕಿಸಿ ತೋರಿಸಿದರು. ಮುಂಗುರುಳಿನ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿತ್ತು.

ಮರಿಮಲ್ಲಪ್ಪ ಅದನ್ನೇ ದಿಟ್ಟಿಸಿದ. ಆಮೇಲೆ ಡಿಲೀಟ್ ಒತ್ತಿ ಹೇಳಿದ: "ದೊಡ್ಡದ್ನೇ ಪ್ಯಾಕ್ ಮಾಡಿ."