ಲಂಡನ್ನಿನಿಂದ ರೋಮಿಗೆ ಎಷ್ಟು ಹೊತ್ತು?

“ಭಾವಾರೆ, ಲಂಡನ್ನಿಂದ ರೋಮಿಗೆ ವಿಮಾನದಲ್ಲಿ ಎಷ್ಟು ಹೊತ್ತು?”

ಮಹೇಶ್ವರಪ್ಪನ ಕೈಯಲ್ಲಿದ್ದ ರೊಟ್ಟಿಯ ತುಂಡು ತಟ್ಟೆಗೆ ಮರಳಿತು. ತಮ್ಮನ ಹೆಂಡತಿ ಸರ್ವಮಂಗಳ ಪಲ್ಯ ಹಿಡಿದು ನಿಂತಿದ್ದಳು. ಏಳು ತಿಂಗಳ ಬಸುರಿ. ದಿನವೂ ಇದೇ ಪ್ರಶ್ನೆ.

ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಶಿಕಾರಿಪುರದ ಮಂಡಿ ವ್ಯಾಪಾರಿ ಎಂದರೆ ನಂಬುವುದು ಕಷ್ಟ, ಆದರೂ ನಿಜ.

“ಒಂಬೈನೂರು ಮೈಲಿ ಅಂತಾರ. ಮೂರೂವರೆ ತಾಸು ಹಿಡೀತತಿ. ಆದ್ರ ನಡುವೆ ಹಿಮದ ಗುಡ್ಡ ಅದಾವಲ್ಲ, ಹವಾ ಕೆಟ್ರೆ ವಿಮಾನ ಬಿಡಂಗಿಲ್ಲ. ವಾರಗಟ್ಟಲೆ ಕಾಯ್ಬೇಕು.”

“ನಮ್ಮ ಸೊರಬದ ಬಸ್ಸಿನ ಥರಾನೇ ಅನ್ನಿ,” ಎಂದು ಅವಳು ನಕ್ಕಳು. ಬಾಗಿಲ ಹಿಂದೆ ಅತ್ತೆ ಬಸವಣ್ಣೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಆ ವಿಮಾನ ಹಿಮದ ಗುಡ್ಡಕ್ಕೆ ಬಡಿದು ಆಗಲೇ ವಾರ ಕಳೆದಿತ್ತು. ಹೊಸ ರಾಜ್ಯದ ಸರ್ಕಾರ ಅವಳ ಗಂಡ ಗಂಗಾಧರಪ್ಪನನ್ನು ನೀರಾವರಿ ತರಬೇತಿಗೆ ಲಂಡನ್ನಿಗೆ ಕಳಿಸಿತ್ತು. ಊರಿಗೆ ಬರುವ ಹಡಗು ಹತ್ತುವ ಮೊದಲು ಒಮ್ಮೆಯಾದರೂ ಹಾರಬೇಕೆಂದು ಆಸೆಪಟ್ಟು ರೋಮಿನವರೆಗೆ ವಿಮಾನ ಹಿಡಿಯುವುದಾಗಿ ಹೆಂಡತಿಗೆ ಬರೆದು ಹೊರಟಿದ್ದ. ಯಾರೂ ಉಳಿಯಲಿಲ್ಲ ಎಂದು ತಂತಿ ಬಂತು.

ಸರ್ವಮಂಗಳಳ ಮೊದಲ ಬಸಿರು ಹೋದ ವರ್ಷ ಅಜ್ಜಿ ತೀರಿದ ಸುದ್ದಿ ಕೇಳಿಯೇ ಇಳಿದುಹೋಗಿತ್ತು. ಈ ಕೂಸಾದರೂ ಉಳಿಯಲಿ, ಹೆರಿಗೆಯವರೆಗೆ ಯಾರೂ ಬಾಯಿ ಬಿಡಕೂಡದು ಎಂದು ಬಸವಣ್ಣೆಮ್ಮ ಮನೆಯವರಿಂದಲೂ ಸೊರಬದ ಬೀಗರಿಂದಲೂ ಮಾತು ತೆಗೆದುಕೊಂಡಿದ್ದರು. ಹೆತ್ತ ಮಗನಿಗಾಗಿ ಒಮ್ಮೆಯೂ ಗಟ್ಟಿಯಾಗಿ ಅತ್ತಿರಲಿಲ್ಲ.

ತಂತಿ ಬಂದ ದಿನವೇ ಬ್ಯಾಟರಿ ಮುಗಿದಿದೆ ಎಂದು ಹೇಳಿ ಮಹೇಶ್ವರಪ್ಪ ರೇಡಿಯೋ ಎತ್ತಿಟ್ಟಿದ್ದ. ವಾರ್ತೆ ತಪ್ಪಿಸದ ಸರ್ವಮಂಗಳ ಆಮೇಲೆ ರೇಡಿಯೋ ಮಾತೇ ಎತ್ತಲಿಲ್ಲ. ಸದ್ಯ, ಬದುಕಿದೆ ಅಂದುಕೊಂಡ.

ಬಸುರಿಗೆ ಬಳೆ ತೊಡಿಸುವ ಕುಬುಸದ ದಿನ ಬಂತು. ಮುಂದೂಡಿದರೆ ಅವಳಿಗೆ ಸಂಶಯ ಬರುತ್ತದೆ. ಬಸವಣ್ಣೆಮ್ಮ ಎದೆ ಗಟ್ಟಿ ಮಾಡಿಕೊಂಡು ತಾವೇ ಬಳೆಗಾರ ಸುಬ್ಬಪ್ಪನನ್ನು ಕರೆಸಿದರು.

ಸುಬ್ಬಪ್ಪ ಹಸಿರು ಬಳೆ ಆರಿಸಿದ.

“ಇನ್ನೊಂದು ಅಳತೆ ದೊಡ್ಡದು ಕೊಡಿ,” ಎಂದಳು ಸರ್ವಮಂಗಳ.

“ಜಾರಿ ಬೀಳ್ತಾವ್ರೀ, ತಾಯಿ.”

“ಮುಂದೆ ಕೈ ಊದಿಕೊಳ್ಳುತ್ತಲ್ಲ.”

ಮುತ್ತೈದೆಯರು ಆರತಿ ಎತ್ತಿದರು. ವಿಧವೆಯಾದ ಬಸವಣ್ಣೆಮ್ಮ ದೂರದ ಕಂಬಕ್ಕೆ ಒರಗಿ ನೋಡುತ್ತಿದ್ದರು. ಅವರ ಮುಂಗೈಯಲ್ಲೊಂದು ಹಳೆಯ ಗಾಯದ ಗೆರೆಯಿತ್ತು. ಗಂಡ ತೀರಿದ ದಿನ ಬಳೆ ಒಡೆದಾಗ ಗಾಜು ಹೊಕ್ಕಿದ್ದು. ಹೊಸ ಸೊಸೆಯಾಗಿ ಬಂದಾಗ ಸರ್ವಮಂಗಳ ಅದೇನೆಂದು ಕೇಳಿ, ತಿಳಿದು, ಮುಖ ಸಣ್ಣ ಮಾಡಿಕೊಂಡಿದ್ದಳು.

ಸಂಜೆ ನೆಂಟರು ಚದುರಿದರು. ಬೆಳಗಾದರೆ ಅವಳು ತಂದೆಯ ಜೊತೆ ಸೊರಬಕ್ಕೆ ಹೊರಡಬೇಕು. ಅತ್ತೆಯ ಪಕ್ಕ ಬಂದು ಕುಳಿತಳು.

“ನಾನು ಹೋದ ಮೇಲೆ ಒಬ್ರೇ ಅಳ್ತಾ ಕೂರಬೇಡಿ, ಅತ್ತೆ.”

“ನಾ ಯಾಕ ಅಳ್ಲಿ? ಗಂಗಾಧರ ಇವತ್ತೋ ನಾಳೆನೋ ಹಡಗು ಹತ್ತತಾನ.”

ಸರ್ವಮಂಗಳ ಎರಡೂ ಕೈ ಇಳಿಬಿಟ್ಟಳು. ಹಸಿರು ಬಳೆಗಳು ಒಂದೊಂದಾಗಿ ಅತ್ತೆಯ ಮಡಿಲಿಗೆ ಜಾರಿದವು. ಒಂದೂ ಒಡೆಯಲಿಲ್ಲ.

“ನನಗೇನೂ ಗೊತ್ತಿಲ್ಲ ಅಂದ್ಕೊಂಡ್ರೆ ನೀವು ಗಟ್ಟಿಯಾಗಿರ್ತೀರಿ ಅಂತ ದಿನಾ ವಿಮಾನದ ಮಾತು ಕೇಳ್ತಿದ್ದೆ, ಅತ್ತೆ. ಭಾವ ರೇಡಿಯೋ ಎತ್ತಿಡೋ ಹೊತ್ತಿಗೆ ನಾನು ವಾರ್ತೆ ಕೇಳಿಯಾಗಿತ್ತು.”